ಮೆಗಾಪಿಕ್ಸೆಲ್ ಎಷ್ಟಿದ್ದರೆ ಸಾಕು? ಪ್ರಿಂಟ್‌ನಿಂದ ಹಿಂದಕ್ಕೆ ಒಂದು ಲೆಕ್ಕ

ಕ್ಯಾಮೆರಾ ಇರಲಿ, ಫೋನ್ ಇರಲಿ, ಕೊಳ್ಳುವವರ ಕಣ್ಣು ಮೊದಲು ಹೋಗುವುದು ಮೆಗಾಪಿಕ್ಸೆಲ್ ಸಂಖ್ಯೆಯ ಮೇಲೆ. 12, 24, 50, 108, 200. ಸಂಖ್ಯೆ ದೊಡ್ಡದಾದಷ್ಟೂ ಫೋಟೊ ಚೆನ್ನಾಗಿ ಬರುತ್ತದೆ ಅನ್ನುವವರು ಒಂದು ಕಡೆ. ಪಿಕ್ಸೆಲ್ ಕಡಿಮೆ ಇದ್ದಷ್ಟೂ ಕತ್ತಲಲ್ಲಿ ಫೋಟೊ ಚೆನ್ನಾಗಿ ಬರುತ್ತದೆ ಅನ್ನುವವರು ಇನ್ನೊಂದು ಕಡೆ. ಇಬ್ಬರ ಮಾತಿನಲ್ಲೂ ಅರ್ಧ ಸತ್ಯವಿದೆ. ಉಳಿದರ್ಧ ತಿಳಿಯಬೇಕಾದರೆ ಸ್ವಲ್ಪ ಲೆಕ್ಕ ಹಾಕಬೇಕು. ಕಷ್ಟದ ಲೆಕ್ಕವೇನಲ್ಲ, ಗುಣಾಕಾರ, ಭಾಗಾಕಾರ, ಒಂದು ವರ್ಗಮೂಲ ಬಂದರೆ ಸಾಕು.

ಮೆಗಾಪಿಕ್ಸೆಲ್ ಅನ್ನುವುದು ಒಂದು ಎಣಿಕೆ, ಅಷ್ಟೇ. ಚಿತ್ರದ ಅಗಲದಲ್ಲಿರುವ ಪಿಕ್ಸೆಲ್‌ಗಳನ್ನು ಎತ್ತರದ ಪಿಕ್ಸೆಲ್‌ಗಳಿಂದ ಗುಣಿಸಿ, ಹತ್ತು ಲಕ್ಷದಿಂದ ಭಾಗಿಸಿ. 6000 × 4000 ಅಂದರೆ 2.4 ಕೋಟಿ, ಅದೇ 24 ಮೆಗಾಪಿಕ್ಸೆಲ್. 4000 × 3000 ಆದರೆ 12. ಇದು ವಿಸ್ತೀರ್ಣದ ಎಣಿಕೆ ಅನ್ನುವುದನ್ನು ಬಹಳ ಮಂದಿ ಗಮನಿಸುವುದಿಲ್ಲ. ನಾವು ವಿವರ ಗುರುತಿಸುವುದು ಉದ್ದಗಲದ ಅಳತೆಯಲ್ಲಿ: ಒಂದು ಕೂದಲೆಳೆಯ ಅಡ್ಡಕ್ಕೆ, ಒಂದು ಅಕ್ಷರದ ಗೆರೆಯ ಅಡ್ಡಕ್ಕೆ ಎಷ್ಟು ಪಿಕ್ಸೆಲ್ ಸಿಕ್ಕಿತು ಅನ್ನುವುದರಲ್ಲಿ. ಹಾಗಾಗಿ ವಿವರ ಎರಡು ಪಟ್ಟಾಗಬೇಕಾದರೆ ಮೆಗಾಪಿಕ್ಸೆಲ್ ನಾಲ್ಕು ಪಟ್ಟಾಗಬೇಕು. 12ರಿಂದ 24ಕ್ಕೆ ಹೋದರೆ ಸಿಗುವುದು 1.41 ಪಟ್ಟು. 24ರಿಂದ 45ಕ್ಕೆ ಹೋದರೆ 1.37. 45ರಿಂದ 61ಕ್ಕೆ ಹೋದರೆ ಬರೀ 1.16, ಎರಡು ಪ್ರಿಂಟ್ ಪಕ್ಕಪಕ್ಕ ಇಟ್ಟರೂ ಇದನ್ನು ಗುರುತಿಸುವುದು ಸುಲಭವಲ್ಲ. ಜಾಹೀರಾತಿನಲ್ಲಿ ದೊಡ್ಡದಾಗಿ ಕಾಣುವ ಅಂತರವನ್ನು ವರ್ಗಮೂಲ ಎಷ್ಟು ಕುಗ್ಗಿಸುತ್ತದೆ ನೋಡಿ.

ಈ ಎಣಿಕೆಯಲ್ಲಿ ಇನ್ನೊಂದು ಸಂಗತಿ ಅಡಗಿದೆ. ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಸೆನ್ಸರ್‌ನ ಪಿಕ್ಸೆಲ್‌ಗೆ ಬಣ್ಣ ತಿಳಿಯುವುದಿಲ್ಲ, ಬೆಳಕು ಎಷ್ಟು ಬಿತ್ತು ಅನ್ನುವುದಷ್ಟೇ ತಿಳಿಯುತ್ತದೆ. ಆದ್ದರಿಂದ ಪ್ರತಿ ಪಿಕ್ಸೆಲ್ ಮೇಲೂ ಕೆಂಪು, ಹಸಿರು, ನೀಲಿ ಈ ಮೂರರಲ್ಲಿ ಒಂದು ಬಣ್ಣದ ಫಿಲ್ಟರ್ ಕೂರಿಸಿರುತ್ತಾರೆ. ಕೊಡಾಕ್‌ನ ಬ್ರೈಸ್ ಬೇಯರ್ ಅವರಿಗೆ 1976ರಲ್ಲಿ ಪೇಟೆಂಟ್ ಸಿಕ್ಕ ಜೋಡಣೆ ಇದು. ಅರ್ಧದಷ್ಟು ಪಿಕ್ಸೆಲ್ ಹಸಿರಿಗೆ, ಕಾಲು ಭಾಗ ಕೆಂಪಿಗೆ, ಕಾಲು ಭಾಗ ನೀಲಿಗೆ. 24 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ ಕೆಂಪನ್ನು ನಿಜವಾಗಿ ಅಳೆಯುವುದು 60 ಲಕ್ಷ ಪಿಕ್ಸೆಲ್ ಮಾತ್ರ. ಉಳಿದ ಕಡೆಯೆಲ್ಲ ಅಕ್ಕಪಕ್ಕ ನೋಡಿ ಅಂದಾಜು ಮಾಡಿ ತುಂಬುತ್ತಾರೆ. ಕೊನೆಯ ಚಿತ್ರಕ್ಕೆ ಪಿಕ್ಸೆಲ್‌ಗೆ ಮೂರರಂತೆ 7.2 ಕೋಟಿ ಬಣ್ಣದ ಅಳತೆಗಳು ಬೇಕು, ಅಳೆದದ್ದು 2.4 ಕೋಟಿ, ಮೂರನೇ ಎರಡು ಭಾಗ ಅಂದಾಜು. ಈ ಅಂದಾಜು ಬಹಳ ಸಲ ಅಚ್ಚರಿಯಾಗುವಷ್ಟು ಸರಿಯಿರುತ್ತದೆ. ತಪ್ಪುವುದು ಒತ್ತಾಗಿ ನೇಯ್ದ ಬಟ್ಟೆ, ದೂರದ ಹೆಂಚಿನ ಮಾಡು, ಜಾಲರಿಯಂಥ ಮೇಲ್ಮೈಗಳಲ್ಲಿ. ಅಲ್ಲಿ ಇಲ್ಲದ ಬಣ್ಣದ ಪಟ್ಟೆಗಳು ಏಳುತ್ತವೆ. ಮೊಯ್ರೆ ಅನ್ನುತ್ತಾರಲ್ಲ, ಅದೇ ಇದು.

ಎಷ್ಟು ಬೇಕು?

ಮೊದಲು ಚಿತ್ರ ಕೊನೆಗೆ ಎಲ್ಲಿ, ಎಷ್ಟು ದೊಡ್ಡದಾಗಿ, ಎಷ್ಟು ದೂರದಿಂದ ಕಾಣಬೇಕು ಅನ್ನುವುದನ್ನು ತೀರ್ಮಾನಿಸಿ. ಅಲ್ಲಿಂದ ಹಿಂದಕ್ಕೆ ಬನ್ನಿ.

ಒಳ್ಳೆಯ ದೃಷ್ಟಿಯಿರುವ ಕಣ್ಣು ಬೇರೆಬೇರೆಯಾಗಿ ಗುರುತಿಸುವ ಅತಿ ಸಣ್ಣ ಕೋನ ಸುಮಾರು ಒಂದು ಡಿಗ್ರಿಯ 60ನೇ ಒಂದು ಭಾಗ. ಇದರಿಂದ ಒಂದು ಸುಲಭ ಸೂತ್ರ ಬರುತ್ತದೆ: 8700 ಅನ್ನು ನೋಡುವ ದೂರದಿಂದ (ಸೆಂಟಿಮೀಟರ್‌ನಲ್ಲಿ) ಭಾಗಿಸಿದರೆ ಇಂಚಿಗೆ ಎಷ್ಟು ಪಿಕ್ಸೆಲ್ ಬೇಕೋ ಅದು ಸಿಗುತ್ತದೆ. ಕೈಯಲ್ಲಿ ಹಿಡಿದು 29 ಸೆಂ.ಮೀ. ದೂರದಿಂದ ನೋಡುವ ಪ್ರಿಂಟ್‌ಗೆ 300. ಪ್ರಿಂಟ್ ಅಂಗಡಿಯವರು ಹೇಳುವ 300ರ ಮೂಲ ಇದೇ. 58 ಸೆಂ.ಮೀ.ಗೆ 150 ಸಾಕು. ಒಂದು ಮೀಟರ್ ದೂರಕ್ಕೆ 87.

ಎ4 ಪ್ರಿಂಟ್‌ಗೆ 300ರ ಲೆಕ್ಕದಲ್ಲಿ 3508 × 2480 ಪಿಕ್ಸೆಲ್ ಬೇಕು, 8.7 ಮೆಗಾಪಿಕ್ಸೆಲ್. 12 × 18 ಇಂಚಿನ ಆಲ್ಬಮ್ ಹಾಳೆಗೆ 5400 × 3600, ಅಂದರೆ 19.4. ಗೋಡೆಗೆ ಹಾಕುವ 24 × 36 ಇಂಚಿನ ಫ್ರೇಮ್ ಅನ್ನು ಯಾರೂ ಮೂಗು ತಾಗಿಸಿ ನೋಡುವುದಿಲ್ಲ. 150ರ ಲೆಕ್ಕದಲ್ಲಿ ಅದಕ್ಕೂ 5400 × 3600 ಸಾಕು. ಹತ್ತು ಅಡಿ ಅಗಲದ ಬ್ಯಾನರ್ ಅನ್ನು ಐದು ಮೀಟರ್ ದೂರದಿಂದ ನೋಡುವುದಾದರೆ ಇಂಚಿಗೆ 17-18 ಪಿಕ್ಸೆಲ್ ಸಾಕು, 120 ಇಂಚಿಗೆ ಸುಮಾರು 2100 ಪಿಕ್ಸೆಲ್. ಬ್ಯಾನರ್ ದೊಡ್ಡದು, ಹಾಗಾಗಿ ಫೈಲೂ ಭಾರಿ ದೊಡ್ಡದಿರಬೇಕು ಅನ್ನುವುದು ತಪ್ಪು ತಿಳಿವಳಿಕೆ. ಜನ ಹತ್ತಿರ ಬರುವ ಜಾಗವಾದರೆ ಮಾತ್ರ ಇದಕ್ಕೆ ಮೂರು ನಾಲ್ಕು ಪಟ್ಟು ಕೊಡಿ. ಪರದೆಯ ಮಟ್ಟಿಗಂತೂ ಬೇಕಾದದ್ದು ಇನ್ನೂ ಕಡಿಮೆ: 4ಕೆ ಟಿವಿ 3840 × 2160, ಬರೀ 8.3 ಮೆಗಾಪಿಕ್ಸೆಲ್. ಫುಲ್ ಎಚ್‌ಡಿ 2.1.

ಈ ಸೂತ್ರ ಕೈಕೊಡುವ ಒಂದು ಜಾಗವಿದೆ: ಗ್ರೂಪ್ ಫೋಟೊ. ಪ್ರಿಂಟ್ ಎಷ್ಟೇ ದೊಡ್ಡದಿರಲಿ, ಪ್ರತಿಯೊಬ್ಬರೂ ಹತ್ತಿರ ಹೋಗಿ ತಮ್ಮ ಮುಖ ಹುಡುಕುತ್ತಾರೆ. ಸಾಲಿನಲ್ಲಿ 12 ಜನ ಭುಜಕ್ಕೆ ಭುಜ ಸೇರಿಸಿ ನಿಂತಿದ್ದರೆ, 6000 ಪಿಕ್ಸೆಲ್ ಅಗಲದಲ್ಲಿ ಒಬ್ಬರಿಗೆ 500 ಪಿಕ್ಸೆಲ್ ಸಿಗುತ್ತದೆ. ಭುಜದ ಅಗಲದಲ್ಲಿ ಮುಖ ಮೂರನೇ ಒಂದು ಭಾಗ, ಅಂದರೆ ಮುಖಕ್ಕೆ ಸುಮಾರು 165 ಪಿಕ್ಸೆಲ್. 300ರ ಲೆಕ್ಕದಲ್ಲಿ ಅಚ್ಚಾದಾಗ ಆ ಮುಖ 14 ಮಿ.ಮೀ. ಅಗಲ. ಕಣ್ಣು, ನಗು, ಕನ್ನಡಕ ಎಲ್ಲ ಸ್ಪಷ್ಟ. 12 ಮೆಗಾಪಿಕ್ಸೆಲ್ ಫೋನಿನಲ್ಲಿ ಅದೇ ಮುಖಕ್ಕೆ 110 ಪಿಕ್ಸೆಲ್. ಅಕ್ಕಪಕ್ಕ ಒಂದಿಷ್ಟು ಜಾಗ ಬಿಟ್ಟು ತೆಗೆದಿದ್ದರೆ 80ಕ್ಕೂ ಇಳಿಯಬಹುದು. ಇಂಥ ಕೆಲಸಕ್ಕೆ ಪಿಕ್ಸೆಲ್ ಹೆಚ್ಚಿದ್ದಷ್ಟೂ ಒಳ್ಳೆಯದು ಅನ್ನುವುದರಲ್ಲಿ ಎರಡು ಮಾತಿಲ್ಲ.

ಕ್ರಾಪ್ ಮಾಡುವವರಿಗೂ ಅಷ್ಟೇ. ಅಗಲದಲ್ಲಿ ಅರ್ಧ ಉಳಿಸಿಕೊಂಡರೆ ಪಿಕ್ಸೆಲ್ ಉಳಿಯುವುದು ಕಾಲು ಭಾಗ. 24 ಇದ್ದದ್ದು 6 ಆಗುತ್ತದೆ, 45 ಇದ್ದದ್ದು 11 ಆಗುತ್ತದೆ. ಮೂರನೇ ಒಂದು ಭಾಗ ಉಳಿಸಿಕೊಂಡರೆ ಒಂಬತ್ತರಲ್ಲಿ ಒಂದು. ಹಕ್ಕಿಗಳ ಫೋಟೊ ತೆಗೆಯುವವರು 45 ಮೆಗಾಪಿಕ್ಸೆಲ್ ಕ್ಯಾಮೆರಾ ಹುಡುಕುವುದು ಇದೇ ಕಾರಣಕ್ಕೆ. ಹಕ್ಕಿ ಚೌಕಟ್ಟು ತುಂಬುವಷ್ಟು ಹತ್ತಿರ ಬರುವುದೇ ಅಪರೂಪ. ಉಳಿದ ಬಹುತೇಕ ಎಲ್ಲ ಕೆಲಸಕ್ಕೆ 20ರಿಂದ 24 ಮೆಗಾಪಿಕ್ಸೆಲ್ ಸಾಕು ಅನ್ನುವುದು ನನ್ನ ಖಚಿತ ಅಭಿಪ್ರಾಯ. ಅದರ ಮೇಲೆ ಖರ್ಚು ಮಾಡುವ ದುಡ್ಡು ಲೆನ್ಸ್‌ಗೆ, ಟ್ರೈಪಾಡ್‌ಗೆ, ಫ್ಲ್ಯಾಷ್‌ಗೆ ಹೋದರೆ ಫೋಟೊದಲ್ಲಿ ಎದ್ದು ಕಾಣುತ್ತದೆ.

ಬೆಳಕಿನ ಲೆಕ್ಕ

ಈಗ ಎರಡನೇ ಗುಂಪಿನವರ ಮಾತಿಗೆ ಬರೋಣ: ಪಿಕ್ಸೆಲ್ ಕಡಿಮೆಯಿದ್ದರೆ ಒಂದೊಂದೂ ದೊಡ್ಡದು, ದೊಡ್ಡದಿದ್ದರೆ ನಾಯ್ಸ್ (ಚಿತ್ರದಲ್ಲಿ ಕಾಣುವ ಕಾಳುಕಾಳು) ಕಡಿಮೆ.

ಬೆಳಕು ಕಣಗಳಾಗಿ, ಫೋಟಾನ್‌ಗಳಾಗಿ ಬಂದು ಬೀಳುತ್ತದೆ. ಬೀಳುವುದು ಒಂದೇ ಸಮನಾಗಿ ಅಲ್ಲ. ಸರಾಸರಿ 10,000 ಫೋಟಾನ್ ಬೀಳುವ ಜಾಗದಲ್ಲಿ ಒಮ್ಮೆ 9,900, ಇನ್ನೊಮ್ಮೆ 10,100. ಈ ಏರುಪೇರು ಸರಾಸರಿಯ ವರ್ಗಮೂಲದಷ್ಟಿರುತ್ತದೆ: 10,000ಕ್ಕೆ 100, ಅಂದರೆ ಶೇ. 1. ಸರಾಸರಿ 100 ಫೋಟಾನ್ ಮಾತ್ರ ಬೀಳುವ ಕಡೆ ಏರುಪೇರು 10, ಶೇ. 10. ನಸುಬೆಳಕಿನ ಫೋಟೊದಲ್ಲಿ ಕಾಣುವ ಕಾಳುಕಾಳು ಮುಖ್ಯವಾಗಿ ಇದೇ. ಇದು ಕ್ಯಾಮೆರಾದ ದೋಷವಲ್ಲ, ಬೆಳಕಿನ ಸ್ವಭಾವವೇ ಹಾಗೆ.

24 ಮೆಗಾಪಿಕ್ಸೆಲ್‌ನ ಫುಲ್‌ಫ್ರೇಮ್ ಸೆನ್ಸರ್ 36 × 24 ಮಿ.ಮೀ. ಇರುತ್ತದೆ. ಒಂದು ಪಿಕ್ಸೆಲ್‌ನ ಅಗಲ 6 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿ.ಮೀ.ನ ಸಾವಿರದ ಒಂದು ಭಾಗ). 200 ಮೆಗಾಪಿಕ್ಸೆಲ್ ಫೋನ್ ಸೆನ್ಸರ್‌ನಲ್ಲಿ ಅದು 0.6 ಮೈಕ್ರಾನ್. ಅಗಲದಲ್ಲಿ ಹತ್ತನೇ ಒಂದು, ವಿಸ್ತೀರ್ಣದಲ್ಲಿ ನೂರನೇ ಒಂದು. ಒಂದೇ ಎಕ್ಸ್‌ಪೋಷರ್‌ನಲ್ಲಿ (ಅಷ್ಟೇ ಬೆಳಕು, ಅಷ್ಟೇ ಹೊತ್ತು) ದೊಡ್ಡದಕ್ಕೆ 10,000 ಫೋಟಾನ್ ಬಿದ್ದರೆ ಸಣ್ಣದಕ್ಕೆ 100. ಪಿಕ್ಸೆಲ್ ಮಟ್ಟದಲ್ಲಿ ನೋಡಿದರೆ ಸಣ್ಣದು ಹತ್ತು ಪಟ್ಟು ಕೊಳಕು. ಇಷ್ಟೇ ನೋಡಿ ನಿಲ್ಲಿಸಿದರೆ ಎರಡನೇ ಗುಂಪಿನವರು ಗೆದ್ದಂತೆ.

ಆದರೆ ಅಂಥ ನೂರು ಸಣ್ಣ ಪಿಕ್ಸೆಲ್‌ಗಳನ್ನು ಕೂಡಿಸಿ. 10,000 ಫೋಟಾನ್, ಏರುಪೇರು 100, ಮತ್ತೆ ಶೇ. 1. ದೊಡ್ಡ ಪಿಕ್ಸೆಲ್ ಕೊಟ್ಟದ್ದೂ ಅಷ್ಟೇ. ಒಂದು ಗದ್ದೆಯನ್ನು ಬದು ಹಾಕಿ ನಾಲ್ಕು ಮಡಿ ಮಾಡಿದರೂ ನಲವತ್ತು ಮಡಿ ಮಾಡಿದರೂ ಗದ್ದೆಗೆ ಬಿದ್ದ ಮಳೆ ಅಷ್ಟೇ ಅಲ್ಲವೇ? ಚಿತ್ರವನ್ನು ಒಂದೇ ಅಳತೆಯಲ್ಲಿ ಪ್ರಿಂಟ್ ಹಾಕಿ ನೋಡುವಾಗ ನಾಯ್ಸ್ ಅನ್ನು ಮುಖ್ಯವಾಗಿ ತೀರ್ಮಾನಿಸುವುದು ಸೆನ್ಸರ್‌ನ ಒಟ್ಟು ವಿಸ್ತೀರ್ಣ ಮತ್ತು ಅದರ ಮೇಲೆ ಬಿದ್ದ ಒಟ್ಟು ಬೆಳಕು. ಅದನ್ನು ಎಷ್ಟು ತುಂಡು ಮಾಡಿದ್ದೀರಿ ಅನ್ನುವುದು ಆಮೇಲಿನ ಮಾತು. ಫುಲ್‌ಫ್ರೇಮ್‌ನ ವಿಸ್ತೀರ್ಣ 864 ಚದರ ಮಿ.ಮೀ., ಅದಕ್ಕಿಂತ ಸಣ್ಣ ಅಳತೆಗಳಾದ ಎಪಿಎಸ್-ಸಿ ಸುಮಾರು 367, ಮೈಕ್ರೊ ಫೋರ್ ಥರ್ಡ್ಸ್ 225, ಒಂದಿಂಚಿನದೆಂದು ಕರೆಯುವ ಸೆನ್ಸರ್ 116. ದುಬಾರಿ ಫೋನುಗಳ ಮುಖ್ಯ ಸೆನ್ಸರ್ ಸುಮಾರು 70ರ ಆಸುಪಾಸು. ಕ್ಯಾಮೆರಾ ಆಯ್ಕೆ ಮಾಡುವಾಗ ಮೆಗಾಪಿಕ್ಸೆಲ್‌ಗಿಂತ ಮೊದಲು ನೋಡಬೇಕಾದ ಸಂಖ್ಯೆಗಳು ಇವು.

ಹಾಗಾದರೆ ದೊಡ್ಡ ಪಿಕ್ಸೆಲ್‌ನಿಂದ ಲಾಭವೇ ಇಲ್ಲವೇ? ಇದೆ, ಗಾಢ ಕತ್ತಲಲ್ಲಿ. ಪ್ರತಿ ಪಿಕ್ಸೆಲ್ ಅನ್ನು ಓದುವಾಗ ಸರ್ಕ್ಯೂಟ್ ತನ್ನದೂ ಒಂದಿಷ್ಟು ನಾಯ್ಸ್ ಸೇರಿಸುತ್ತದೆ. ಅದು 2 ಎಲೆಕ್ಟ್ರಾನ್ (2 ಫೋಟಾನ್‌ಗೆ ಸಮ) ಅಂದುಕೊಳ್ಳಿ. ಇಂಥ ಏರುಪೇರುಗಳನ್ನು ನೇರವಾಗಿ ಕೂಡಿಸುವಂತಿಲ್ಲ, ಅವುಗಳ ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆಯಬೇಕು. ಒಂದು ದೊಡ್ಡ ಪಿಕ್ಸೆಲ್‌ಗೆ ಆ 2 ಒಂದೇ ಸಲ. ನೂರು ಸಣ್ಣವನ್ನು ಕೂಡಿಸಿದರೆ 2ರ ಹತ್ತು ಪಟ್ಟು, 20. ಬೆಳಕು ಚೆನ್ನಾಗಿದ್ದು ಫೋಟಾನ್ ಏರುಪೇರೇ 100 ಇರುವಾಗ ಈ 20 ಸೇರಿದರೆ ಒಟ್ಟು 102, ಲೆಕ್ಕಕ್ಕೇ ಬರುವುದಿಲ್ಲ. ಆದರೆ ಅಷ್ಟೂ ಜಾಗಕ್ಕೆ ಬಿದ್ದದ್ದೇ 100 ಫೋಟಾನ್ ಆದರೆ, ದೊಡ್ಡ ಪಿಕ್ಸೆಲ್‌ನಲ್ಲಿ ಒಟ್ಟು ನಾಯ್ಸ್ 10.2, ನೂರು ಸಣ್ಣವುಗಳಲ್ಲಿ 22.4. ಎರಡು ಪಟ್ಟಿಗಿಂತ ಹೆಚ್ಚು. 2014ರಲ್ಲಿ ಬಂದ ಸೋನಿ ಎ7ಎಸ್ ಫುಲ್‌ಫ್ರೇಮ್ ಸೆನ್ಸರ್ ಮೇಲೆ ಬರೀ 12.2 ಮೆಗಾಪಿಕ್ಸೆಲ್ ಇಟ್ಟದ್ದು ಇಂಥ ಕೆಲಸಕ್ಕೆ, ಅದರಲ್ಲೂ ವಿಡಿಯೊಗೆ. ಪಿಕ್ಸೆಲ್ ಕಡಿಮೆಯಿದ್ದರೆ ಸಾಲು ಬಿಡದೆ ಸೆನ್ಸರ್ ಪೂರ್ತಿ ಓದಿ ಮುಗಿಸುವುದು ಸುಲಭ. ಮದುವೆ, ಸಭೆ, ಸಂಜೆ ಬೀದಿ ಇಂಥ ಕಡೆ ಸ್ಟಿಲ್ ಫೋಟೊ ತೆಗೆಯುವವರಿಗೆ ಈ ವ್ಯತ್ಯಾಸ ತೀರಾ ಸಣ್ಣದು.

ಪಿಕ್ಸೆಲ್ ಸಂಖ್ಯೆ ಬದಲಾಗದೆ ಚಿತ್ರ ಎಷ್ಟು ಸುಧಾರಿಸಬಹುದು ಅನ್ನುವುದಕ್ಕೆ ಐಫೋನ್ ಒಳ್ಳೆಯ ಉದಾಹರಣೆ. 2015ರ 6ಎಸ್‌ನಲ್ಲಿ ಮುಖ್ಯ ಕ್ಯಾಮೆರಾ 12 ಮೆಗಾಪಿಕ್ಸೆಲ್, 2021ರ 13 ಪ್ರೊದಲ್ಲೂ 12. ಪಿಕ್ಸೆಲ್ ಅಗಲ ಮಾತ್ರ 1.22 ಮೈಕ್ರಾನ್‌ನಿಂದ 1.9ಕ್ಕೆ ಏರಿತು, ಅಂದರೆ ಸೆನ್ಸರ್ ವಿಸ್ತೀರ್ಣ 2.4 ಪಟ್ಟು. ಅಪರ್ಚರ್, ಅಂದರೆ ಲೆನ್ಸ್‌ನಲ್ಲಿ ಬೆಳಕು ಬರುವ ಕಂಡಿ, ಎಫ್/2.2ರಿಂದ ಎಫ್/1.5ಕ್ಕೆ ಹಿಗ್ಗಿತು (ಎಫ್ ಸಂಖ್ಯೆ ಸಣ್ಣದಾದಷ್ಟೂ ಕಂಡಿ ದೊಡ್ಡದು), ಅದರಿಂದ ಇನ್ನೂ 2 ಪಟ್ಟು ಚಿಲ್ಲರೆ. ಒಟ್ಟು ಬೆಳಕು ಸುಮಾರು ಐದು ಪಟ್ಟು. ಪೆಟ್ಟಿಗೆಯ ಮೇಲಿನ ಮೆಗಾಪಿಕ್ಸೆಲ್ ಸಂಖ್ಯೆ ಇದರಲ್ಲಿ ಯಾವುದನ್ನೂ ಹೇಳುವುದಿಲ್ಲ.

ಲೆನ್ಸ್ ತಲುಪಿಸುವುದೆಷ್ಟು

ಸೆನ್ಸರ್ ಮೇಲೆ ಎಷ್ಟೇ ಪಿಕ್ಸೆಲ್ ಇರಲಿ, ಲೆನ್ಸ್ ಅಲ್ಲಿಗೆ ತಲುಪಿಸಿದ ವಿವರವನ್ನಷ್ಟೇ ಅದು ಬರೆದುಕೊಳ್ಳಬಲ್ಲದು. ಲೆನ್ಸ್ ಎಷ್ಟೇ ಒಳ್ಳೆಯದಿದ್ದರೂ ಭೌತಶಾಸ್ತ್ರದ ಒಂದು ಮಿತಿಯನ್ನು ದಾಟಲಾರದು: ಡಿಫ್ರಾಕ್ಷನ್. ಒಂದು ಚುಕ್ಕೆಯಷ್ಟು ಬೆಳಕು ಸೆನ್ಸರ್ ಮೇಲೆ ಚುಕ್ಕೆಯಾಗಿ ಬೀಳದೆ ಸಣ್ಣ ವೃತ್ತವಾಗಿ ಹರಡುತ್ತದೆ. ಹಸಿರು ಬೆಳಕಿಗೆ ಆ ವೃತ್ತದ ಅಗಲ, ಮೈಕ್ರಾನ್‌ನಲ್ಲಿ, ಎಫ್ ಸಂಖ್ಯೆಯ ಸುಮಾರು 1.34 ಪಟ್ಟು. ಎಫ್/5.6ಕ್ಕೆ 7.5, ಎಫ್/8ಕ್ಕೆ 10.7, ಎಫ್/11ಕ್ಕೆ 14.8, ಎಫ್/16ಕ್ಕೆ 21.5, ಎಫ್/22ಕ್ಕೆ 29.5.

ಈ ವೃತ್ತ ಪಿಕ್ಸೆಲ್ ಅಗಲದ ಎರಡೂವರೆ ಪಟ್ಟು ದಾಟಿದಾಗ ಮೆತ್ತಗಾಗುವುದು ಕಾಣತೊಡಗುತ್ತದೆ ಅನ್ನುವುದು ರೂಢಿಯ ಅಂದಾಜು. 6 ಮೈಕ್ರಾನ್ ಪಿಕ್ಸೆಲ್‌ಗೆ ಅದು ಎಫ್/11. 61 ಮೆಗಾಪಿಕ್ಸೆಲ್‌ನ ಫುಲ್‌ಫ್ರೇಮ್‌ನಲ್ಲಿ ಪಿಕ್ಸೆಲ್ 3.76 ಮೈಕ್ರಾನ್, ಅಲ್ಲಿ ಎಫ್/7ರ ಹೊತ್ತಿಗೇ ಶುರು. ಎಪಿಎಸ್-ಸಿಯಲ್ಲಿ 24 ಮೆಗಾಪಿಕ್ಸೆಲ್ ಇದ್ದರೂ ಹೆಚ್ಚುಕಡಿಮೆ ಅಷ್ಟೇ. ಲ್ಯಾಂಡ್‌ಸ್ಕೇಪ್ ಅಂದ ಕೂಡಲೇ ಎಫ್/16, ಎಫ್/22ಕ್ಕೆ ಹೋಗುವ ಅಭ್ಯಾಸವಿದ್ದವರು ಹೆಚ್ಚು ಮೆಗಾಪಿಕ್ಸೆಲ್ ಕ್ಯಾಮೆರಾ ಕೊಂಡು ಅದರ ಲಾಭವನ್ನು ತಮ್ಮ ಕೈಯಾರೆ ಕಳೆದುಕೊಳ್ಳುತ್ತಾರೆ. ಎಫ್/8ರಲ್ಲಿ ತೆಗೆಯಿರಿ. ಹತ್ತಿರದ್ದೂ ದೂರದ್ದೂ ಎರಡೂ ಶಾರ್ಪ್ ಬರಬೇಕಾದರೆ ಫೋಕಸ್ ಬದಲಿಸಿ ಎರಡು ಮೂರು ಚಿತ್ರ ತೆಗೆದು ಆಮೇಲೆ ಜೋಡಿಸಿ. ಇಲ್ಲೊಂದು ಮಾತು ಸ್ಪಷ್ಟವಾಗಿರಲಿ: ಎಫ್/16ರಲ್ಲಿ 61 ಮೆಗಾಪಿಕ್ಸೆಲ್ ಕ್ಯಾಮೆರಾ 24ರದ್ದಕ್ಕಿಂತ ಕೆಟ್ಟ ಚಿತ್ರವನ್ನೇನೂ ಕೊಡುವುದಿಲ್ಲ. ಕೊಡಬಹುದಾಗಿದ್ದ ಹೆಚ್ಚುವರಿ ವಿವರ ಕೊಡುವುದಿಲ್ಲ, ಅಷ್ಟೇ.

ಫೋನಿನ 200 ಮೆಗಾಪಿಕ್ಸೆಲ್‌ಗೆ ಇದೇ ಅಳತೆ ಹಿಡಿಯಿರಿ. ಎಫ್/1.7ರಲ್ಲಿ ಬೆಳಕಿನ ವೃತ್ತ 2.3 ಮೈಕ್ರಾನ್. ಪಿಕ್ಸೆಲ್ 0.6. ಅತಿ ಸಣ್ಣ ಬೆಳಕಿನ ಚುಕ್ಕೆಯೂ ಅಡ್ಡಕ್ಕೆ ಸುಮಾರು ನಾಲ್ಕು ಪಿಕ್ಸೆಲ್ ಆವರಿಸುತ್ತದೆ. ಅಂದರೆ ದೋಷವೇ ಇಲ್ಲದ ಲೆನ್ಸ್ ಹಾಕಿದರೂ 200ಕ್ಕೆ ತಕ್ಕಷ್ಟು ವಿವರ ಅಲ್ಲಿ ಬಂದು ಬೀಳುವುದೇ ಇಲ್ಲ.

ಮತ್ತೇಕೆ ಅಷ್ಟು ಪಿಕ್ಸೆಲ್? ಕೂಡಿಸುವುದಕ್ಕೆ. ಈ ಸೆನ್ಸರ್‌ಗಳಲ್ಲಿ ಅಕ್ಕಪಕ್ಕದ ಪಿಕ್ಸೆಲ್‌ಗಳು ಗುಂಪಾಗಿ ಒಂದೇ ಬಣ್ಣದ ಫಿಲ್ಟರ್ ಕೆಳಗಿರುತ್ತವೆ. ಹದಿನಾರನ್ನು ಒಂದು ಮಾಡಿದರೆ 200 ಹೋಗಿ 12.5 ಆಗುತ್ತದೆ, ನಾಲ್ಕನ್ನು ಒಂದು ಮಾಡಿದರೆ 50. ಮೇಲಿನ ಲೆಕ್ಕದಲ್ಲಿ ಶೇ. 10 ಇದ್ದ ನಾಯ್ಸ್ ಹದಿನಾರು ಸೇರಿದಾಗ ಶೇ. 2.5ಕ್ಕೆ ಇಳಿಯುತ್ತದೆ. ಒಳ್ಳೆಯ ಉಪಾಯವೇ. 2012ರ ನೋಕಿಯಾ 808 ಪ್ಯೂರ್‌ವ್ಯೂ 41 ಮೆಗಾಪಿಕ್ಸೆಲ್ ಸೆನ್ಸರ್ ಇಟ್ಟುಕೊಂಡು 5 ಮೆಗಾಪಿಕ್ಸೆಲ್ ಚಿತ್ರ ಕೊಟ್ಟದ್ದೂ ಪಿಕ್ಸೆಲ್ ಕೂಡಿಸಿಯೇ. ಆ ಕಾಲಕ್ಕೆ ಆ 5 ಮೆಗಾಪಿಕ್ಸೆಲ್ ಚಿತ್ರಗಳು ಬಹಳ ಶುದ್ಧವಾಗಿರುತ್ತಿದ್ದವು.

ಆದ್ದರಿಂದ ಫೋನಿನಲ್ಲಿ ಕಂಪನಿ ಇಟ್ಟ 12 ಮೆಗಾಪಿಕ್ಸೆಲ್ ಮೋಡನ್ನೇ ನಂಬಿ. ಪೂರ್ತಿ ರೆಸಲ್ಯೂಷನ್ ಮೋಡ್ ಹಾಕಿದರೆ ಮನೆಯೊಳಗೆ, ಸಂಜೆ, ಓಡಾಡುವ ಮಕ್ಕಳಿಗೆ ಅದು ಬಹಳ ಸಲ ಕೆಟ್ಟದಾಗಿಯೇ ಬರುತ್ತದೆ: ಹಲವು ಫೋನುಗಳಲ್ಲಿ ಆ ಮೋಡ್‌ನಲ್ಲಿ ಎಚ್‌ಡಿಆರ್ (ಬಿಸಿಲು ನೆರಳು ಎರಡನ್ನೂ ಸರಿದೂಗಿಸುವುದು) ಮತ್ತು ಹಲವು ಫ್ರೇಮ್ ಜೋಡಿಸುವ ಕೆಲಸ ತಗ್ಗುತ್ತದೆ, ಶಟರ್ ನಿಧಾನವಾಗುತ್ತದೆ, ಫೈಲ್ ಮೂರು ನಾಲ್ಕು ಪಟ್ಟು ದಪ್ಪವಾಗುತ್ತದೆ. ಬಿಸಿಲಿದ್ದು, ಎದುರಿನದ್ದು ಕದಲದೆ ನಿಂತಿದ್ದು, ಆಮೇಲೆ ಕ್ರಾಪ್ ಮಾಡುವ ಉದ್ದೇಶವಿದ್ದಾಗ ಮಾತ್ರ 50ರ ಮೋಡ್ ಹಾಕಿ. 200ರ ಮೋಡ್ 50ರದ್ದಕ್ಕಿಂತ ಹೆಚ್ಚೇನನ್ನೂ ಕೊಡುವುದಿಲ್ಲ ಅನ್ನಬಹುದು.

ಕೈ ನಡುಕ, ಓಡಾಟ, ಫೋಕಸ್

ಪಿಕ್ಸೆಲ್ ಕೊಂದುಹಾಕುವುದರಲ್ಲಿ ಇವು ಮೂರೂ ಲೆನ್ಸ್‌ಗಿಂತ ಮುಂದು. ಫೋಟೊ ಮಬ್ಬಾಗಿದೆ ಎಂದು ಕ್ಯಾಮೆರಾವನ್ನೇ ಬದಲಿಸುವ ಮುನ್ನ ಇವನ್ನು ನೋಡಿ.

ಫೋಕಲ್ ಲೆಂಗ್ತ್ (ಲೆನ್ಸ್ ಮೇಲೆ ಬರೆದಿರುವ ಮಿ.ಮೀ. ಸಂಖ್ಯೆ) 50 ಮಿ.ಮೀ. ಇದ್ದರೆ ಶಟರ್ 1/50 ಸೆಕೆಂಡಿಗಿಂತ ನಿಧಾನ ಬೇಡ ಅನ್ನುವ ನಿಯಮ ರೀಲ್ ಕಾಲದ್ದು, ಸಣ್ಣ ಪ್ರಿಂಟ್‌ಗೆ ಹೊಂದುವಂಥದ್ದು. 45 ಮೆಗಾಪಿಕ್ಸೆಲ್ ಚಿತ್ರವನ್ನು ಪೂರ್ತಿ ಬಳಸಬೇಕಾದರೆ ಅದರ ಎರಡು ಪಟ್ಟು ವೇಗ ಇಡಿ: 50ಕ್ಕೆ 1/100, 200ಕ್ಕೆ 1/400. ಸ್ಟೆಬಿಲೈಸೇಷನ್ ಇದ್ದರೆ ಕೈ ನಡುಕದ ಮಟ್ಟಿಗೆ ಇದನ್ನು ಸಡಿಲಿಸಬಹುದು.

ಎದುರಿನವರ ಚಲನೆಗೆ ಸ್ಟೆಬಿಲೈಸೇಷನ್ ಏನೂ ಮಾಡಲಾರದು. ಮೂರು ಮೀಟರ್ ಅಗಲದ ದೃಶ್ಯದಲ್ಲಿ ಒಬ್ಬರು ಅಡ್ಡಕ್ಕೆ ನಡೆದು ಹೋಗುತ್ತಿದ್ದಾರೆ ಅನ್ನಿ. ನಡಿಗೆಯ ವೇಗ ಸೆಕೆಂಡಿಗೆ 1.4 ಮೀಟರ್. 1/125 ಸೆಕೆಂಡಿನಲ್ಲಿ ಅವರು 11 ಮಿ.ಮೀ. ಸರಿಯುತ್ತಾರೆ. 24 ಮೆಗಾಪಿಕ್ಸೆಲ್ ಚಿತ್ರದಲ್ಲಿ ಒಂದು ಪಿಕ್ಸೆಲ್ ಅಂದರೆ ದೃಶ್ಯದ ಅರ್ಧ ಮಿ.ಮೀ., ಹಾಗಾಗಿ 22 ಪಿಕ್ಸೆಲ್‌ನಷ್ಟು ಸವರಿಕೊಂಡು ಹೋಗುತ್ತದೆ. ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್‌ನದೇ ಆಗಿರಲಿ, ಆ ದಿಕ್ಕಿನಲ್ಲಿ 11 ಮಿ.ಮೀ.ಗಿಂತ ಸಣ್ಣ ವಿವರ ಅವರ ಮೈಮೇಲೆ ಉಳಿಯುವುದಿಲ್ಲ: ರೆಪ್ಪೆಗೂದಲು ಹೋಯಿತು, ಅಂಗಿಯ ನೇಯ್ಗೆ ಹೋಯಿತು. 1/1000ಕ್ಕೆ ಇಟ್ಟರೆ 3 ಪಿಕ್ಸೆಲ್‌ಗೆ ಇಳಿಯುತ್ತದೆ. ಅದಕ್ಕಾಗಿ ಐಎಸ್‌ಒ, ಅಂದರೆ ಕ್ಯಾಮೆರಾ ಚಿತ್ರವನ್ನು ಬೆಳಗಿಸುವ ಮಟ್ಟ, ಮೂರು ಸ್ಟಾಪ್ (ಎಂಟು ಪಟ್ಟು) ಏರಿಸಬೇಕಾಗಿ ಬಂದರೂ ಏರಿಸಿ. ನಾಯ್ಸ್ ಅನ್ನು ಆಮೇಲೆ ತಗ್ಗಿಸಬಹುದು, ಸವರಿಹೋದದ್ದು ಮರಳಿ ಬರುವುದಿಲ್ಲ.

ಫೋಕಸ್ ವಿಷಯದಲ್ಲಿ ಎಷ್ಟು ದೂರದಿಂದ ಎಷ್ಟು ದೂರದವರೆಗೆ ಶಾರ್ಪ್ ಬರುತ್ತದೆಂದು ಹೇಳುವ ಹಳೆಯ ಡೆಪ್ತ್ ಆಫ್ ಫೀಲ್ಡ್ ಕೋಷ್ಟಕಗಳನ್ನು ಕಣ್ಣುಮುಚ್ಚಿ ನಂಬಬೇಡಿ. ಅವು ಸೆನ್ಸರ್ ಮೇಲೆ 0.03 ಮಿ.ಮೀ. ಹರಡಿದ್ದನ್ನೂ ಶಾರ್ಪ್ ಎಂದೇ ಎಣಿಸುತ್ತವೆ. 30 ಮೈಕ್ರಾನ್ ಅಂದರೆ 24 ಮೆಗಾಪಿಕ್ಸೆಲ್ ಫುಲ್‌ಫ್ರೇಮ್‌ನಲ್ಲಿ ಐದು ಪಿಕ್ಸೆಲ್, 61ರಲ್ಲಿ ಎಂಟು. ಕೋಷ್ಟಕ ಶಾರ್ಪ್ ಅಂದದ್ದು ಸ್ಕ್ರೀನಿನಲ್ಲಿ ಹಿಗ್ಗಿಸಿದಾಗ ಮಬ್ಬು ಕಾಣುವುದು ಇದಕ್ಕೇ. ಕ್ಯಾಮೆರಾ ಕೆಟ್ಟಿಲ್ಲ.

ಫೈಲ್ ಕುಗ್ಗಿಸುವಾಗ

ಕಷ್ಟಪಟ್ಟು ಹಿಡಿದ ವಿವರವನ್ನು ಕೊನೆಯಲ್ಲಿ ಹಾಳು ಮಾಡುವುದು ಕಂಪ್ರೆಷನ್. ಒಳ್ಳೆಯ ಗುಣಮಟ್ಟದ ಜೆಪೆಗ್‌ಗೆ ಪಿಕ್ಸೆಲ್‌ಗೆ ಎರಡು ಮೂರು ಬಿಟ್ ಬೇಕಾಗುತ್ತದೆ. 24 ಮೆಗಾಪಿಕ್ಸೆಲ್‌ಗೆ 3 ಬಿಟ್‌ನಂತೆ 9 ಎಂಬಿ. ಅರ್ಜಿ ಫಾರ್ಮ್ ಒಂದು 500 ಕೆಬಿ ಮೀರಬಾರದು ಅಂದಾಗ ಹಲವರು ಪಿಕ್ಸೆಲ್ ಅಷ್ಟೇ ಇಟ್ಟು ಕ್ವಾಲಿಟಿಯನ್ನು ಕೆಳಗೆಳೆಯುತ್ತಾರೆ. ಆಗ ಪಿಕ್ಸೆಲ್‌ಗೆ ಸಿಗುವುದು 0.17 ಬಿಟ್; ಮುಖದ ಮೇಲೆಲ್ಲ ಚೌಕ ಚೌಕ ಏಳುತ್ತದೆ. ಮೊದಲು ಅಳತೆ ಇಳಿಸಿ, 2000 × 1333 ಮಾಡಿ. ಅದೇ 500 ಕೆಬಿಯಲ್ಲಿ ಈಗ ಪಿಕ್ಸೆಲ್‌ಗೆ ಒಂದೂವರೆ ಬಿಟ್ ಸಿಗುತ್ತದೆ, ಚಿತ್ರ ಶುದ್ಧವಾಗಿರುತ್ತದೆ. ಮೂಲ ಫೈಲ್ ಮಾತ್ರ ಹಾಗೇ ಬೇರೆ ಇಟ್ಟುಕೊಳ್ಳಿ. ಮೆಸೇಜ್ ಆ್ಯಪ್‌ನಲ್ಲಿ ಕಳಿಸಿದ ಚಿತ್ರವನ್ನು ಪ್ರಿಂಟ್‌ಗೆ ಕೊಡಲೇಬೇಡಿ. ಡಾಕ್ಯುಮೆಂಟ್ ಆಗಿ ಕಳಿಸಿದ್ದಾದರೆ ಸರಿ. ಸಾಫ್ಟ್‌ವೇರ್‌ನಿಂದ ಪಿಕ್ಸೆಲ್ ಹಿಗ್ಗಿಸಿದ ಚಿತ್ರಗಳಲ್ಲಿ ಎಐ ತಾನೇ ಊಹಿಸಿ ತುಂಬಿದ ವಿವರವಿರುತ್ತದೆ. ಎಲೆ, ಹುಲ್ಲಿಗೆ ಅದು ನಡೆಯುತ್ತದೆ. ಮುಖ, ಬರಹ, ದಾಖಲೆಗೆ ಖಂಡಿತ ಬೇಡ.

ನಿಮ್ಮ ಕ್ಯಾಮೆರಾದ ನಿಜವಾದ ಮಿತಿ

ಮೇಲಿನ ಲೆಕ್ಕಗಳನ್ನೆಲ್ಲ ನಿಮ್ಮ ಕೈಯಲ್ಲಿರುವ ಕ್ಯಾಮೆರಾದಲ್ಲೇ ಪರೀಕ್ಷೆ ಮಾಡಬಹುದು. ಇದಕ್ಕೆ ಬೇಕಾದದ್ದು ಒಂದು ಕನ್ನಡ ದಿನಪತ್ರಿಕೆ. ನಮ್ಮ ಲಿಪಿ ಈ ಪರೀಕ್ಷೆಗೆ ಹೇಳಿ ಮಾಡಿಸಿದಂತಿದೆ: ದ ಮತ್ತು ಧ, ಬ ಮತ್ತು ಭ, ಡ ಮತ್ತು ಢ ನಡುವೆ ಇರುವುದು ಕೆಳಗಿನ ಒಂದು ಸಣ್ಣ ಸೀಳು ಮಾತ್ರ. ಪ ಮತ್ತು ಷ ನಡುವೆ ಹೊಟ್ಟೆಯೊಳಗಿನ ಒಂದು ಗೆರೆ.

ಪುಟವನ್ನು ಸುಕ್ಕಿಲ್ಲದಂತೆ ಗೋಡೆಗೆ ಅಂಟಿಸಿ. ಕ್ಯಾಮೆರಾ ಟ್ರೈಪಾಡ್ ಮೇಲೆ, ಪುಟಕ್ಕೆ ನೇರವಾಗಿ ಇರಲಿ. ಟ್ರೈಪಾಡ್ ಮೇಲಿರುವಾಗ ಸ್ಟೆಬಿಲೈಸೇಷನ್ ಆಫ್ ಮಾಡುವುದು ಒಳ್ಳೆಯದು. ಐಎಸ್‌ಒ ಅತಿ ಕಡಿಮೆ, ಅಪರ್ಚರ್ ಎಫ್/5.6, ಎರಡು ಸೆಕೆಂಡಿನ ಟೈಮರ್. ಸ್ಕ್ರೀನಿನಲ್ಲಿ ಹಿಗ್ಗಿಸಿ ಅಕ್ಷರದ ಮೇಲೆ ಫೋಕಸ್ ಮಾಡಿ. ಒಂದು ಫೋಟೊ ತೆಗೆದು, ಅರ್ಧ ಮೀಟರ್ ಹಿಂದೆ ಸರಿದು, ಮತ್ತೆ ಫೋಕಸ್ ಮಾಡಿ ಇನ್ನೊಂದು. ಹೀಗೆ ಹಿಂದೆ ಹೋಗುತ್ತ ದ ಯಾವುದು ಧ ಯಾವುದು ಎಂದು ತಿಳಿಯದಾಗುವ ದೂರವನ್ನು ಬರೆದುಕೊಳ್ಳಿ. ಓದುವಾಗ ಹಿಂದೆ ಮುಂದೆ ನೋಡಿ ಪದ ಊಹಿಸಬಾರದು, ಆ ಒಂದು ಅಕ್ಷರವನ್ನೇ ನೋಡಬೇಕು.

ಸೀಳಿನ ಗೆರೆ ಸುಮಾರು 0.4 ಮಿ.ಮೀ. ದಪ್ಪ ಅನ್ನಿ. ಅದನ್ನು ಹಿಡಿಯಲು ಕನಿಷ್ಠ ಎರಡು ಪಿಕ್ಸೆಲ್ ಬೇಕು. 6000 ಪಿಕ್ಸೆಲ್ ಅಗಲದ ಚಿತ್ರದಲ್ಲಿ ಆಗ ಚೌಕಟ್ಟಿನೊಳಗೆ ಹಿಡಿಸುವುದು 1.2 ಮೀಟರ್ ಅಗಲದ ಗೋಡೆ. ಬೇಯರ್ ಅಂದಾಜು, ಲೆನ್ಸ್ ಎರಡೂ ತಮ್ಮ ಪಾಲು ಕಸಿದುಕೊಳ್ಳುವುದರಿಂದ 80-90 ಸೆಂ.ಮೀ.ಗೆ ನಿಂತರೂ ಒಳ್ಳೆಯ ಫಲಿತಾಂಶವೇ. ಅರ್ಧ ಮೀಟರ್ ಅಗಲಕ್ಕೇ ಅಕ್ಷರ ಕಲಸಿಹೋದರೆ ಎಲ್ಲೋ ಸೋರುತ್ತಿದೆ. ಮಧ್ಯದಲ್ಲಿ ಓದಲು ಬಂದು ಮೂಲೆಗಳಲ್ಲಿ ಬಾರದಿದ್ದರೆ ಲೆನ್ಸ್, ಅಥವಾ ಕ್ಯಾಮೆರಾ ಪುಟಕ್ಕೆ ನೇರವಾಗಿಲ್ಲ. ಒಂದು ಬದಿ ಮಾತ್ರ ಮಬ್ಬಾಗಿದ್ದು, ಕ್ಯಾಮೆರಾವನ್ನು ತಲೆಕೆಳಗು ಮಾಡಿ ತೆಗೆದಾಗ ಮಬ್ಬು ಇನ್ನೊಂದು ಬದಿಗೆ ಹೋದರೆ ಲೆನ್ಸ್‌ನ ಒಳಗಿನ ಗಾಜು ಓರೆಯಾಗಿದೆ. ಎಲ್ಲ ಕಡೆಯೂ ಒಂದೇ ದಿಕ್ಕಿಗೆ ಸವರಿದಂತಿದ್ದರೆ ನಡುಕ. ಎಲ್ಲವೂ ಸಮನಾಗಿ ಮೆತ್ತಗಿದ್ದರೆ ಫೋಕಸ್.

ಅದೇ ಜಾಗದಲ್ಲಿ ಎಫ್/16 ಹಾಕಿ ಇನ್ನೊಂದು, ಟ್ರೈಪಾಡ್ ಬಿಟ್ಟು ಕೈಯಲ್ಲಿ ಹಿಡಿದು 1/30ರಲ್ಲಿ ಇನ್ನೊಂದು, ಐಎಸ್‌ಒ 6400ರಲ್ಲಿ ಮತ್ತೊಂದು ತೆಗೆಯಿರಿ. ಫೋನ್ ಆದರೆ 12ರ ಮೋಡ್, 50ರ ಮೋಡ್ ಎರಡನ್ನೂ ಮೊದಲು ಹಗಲು ಬೆಳಕಿನಲ್ಲಿ, ಆಮೇಲೆ ರಾತ್ರಿ ಒಂದೇ ಬಲ್ಬ್ ಬೆಳಕಿನಲ್ಲಿ ಹೋಲಿಸಿ. ಹೋಲಿಸುವಾಗ 12ರ ಚಿತ್ರವನ್ನು 50ರ ಅಳತೆಗೆ ಹಿಗ್ಗಿಸಿ ಎರಡನ್ನೂ ಪಕ್ಕಪಕ್ಕ ಇಡಿ. ಬೇರೆ ಬೇರೆ ಅಳತೆಯಲ್ಲಿ ಇಟ್ಟು ನೋಡಿದರೆ ದೊಡ್ಡದೇ ಕೆಟ್ಟದಾಗಿ ಕಾಣುತ್ತದೆ, ತೀರ್ಪು ತಪ್ಪುತ್ತದೆ. ಹಗಲಲ್ಲಿ 50ರದ್ದರಲ್ಲಿ ಇನ್ನೂ ಒಂದಷ್ಟು ಸೀಳು ಕಾಣಿಸಿ, ರಾತ್ರಿ ಎರಡೂ ಒಂದೇ ಸಮ ಬಂದರೆ ನಿಮ್ಮ ಫೋನ್ ಸರಿಯಾಗಿಯೇ ಕೆಲಸ ಮಾಡುತ್ತಿದೆ. ಹಗಲಲ್ಲೂ ವ್ಯತ್ಯಾಸ ಕಾಣದಿದ್ದರೆ ಆ 50ರ ಮೋಡನ್ನು ಮತ್ತೆ ಮುಟ್ಟುವ ಅಗತ್ಯವಿಲ್ಲ.